ಪಾಲಿಮರ್ ಒಳಗೆ ನ್ಯಾನೋಕಣಗಳ ಸ್ವಯಂಜೋಡಣೆ: ಸಿಮ್ಯುಲೇಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗ ಓದಲು ಪಿಯುಸಿ ವಿಜ್ಞಾನ ಸಾಕು. ಕೊನೆಯ ಭಾಗ ತಾವೇ ಸಿಮ್ಯುಲೇಶನ್ ಓಡಿಸುವವರಿಗೆ.

## ಮೊದಲ ಪರಿಚಯ

ನ್ಯಾನೋಕಣಗಳು ತಾವೇ ಜೋಡಣೆಯಾಗ್ತವೆ ಅಂತಾರೆ. ಯಾರೂ ಮುಟ್ಟದೆ ಅದು ಹೇಗಾಗುತ್ತೆ?

ಪಾಲಿಮರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಕರಗಿದ ಪಾಲಿಮರ್‌ನಲ್ಲಿ ಅವು ಬೆಂದ ಶಾವಿಗೆಯ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಶಾಖದಿಂದಾಗಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅದರೊಳಗೆ 5ರಿಂದ 50 ನ್ಯಾನೋಮೀಟರ್ ಅಗಲದ ಸಿಲಿಕಾ, ಚಿನ್ನ ಅಥವಾ ಇಂಗಾಲದ ಕಣ ಹಾಕಿದರೆ ಸರಪಳಿಗಳ ತಳ್ಳಾಟದಲ್ಲಿ ಅವೂ ಅಲೆಯುತ್ತವೆ. ಹಾಗೆ ಅಲೆಯುತ್ತಾ ಒಟ್ಟು ವ್ಯವಸ್ಥೆಯ ಮುಕ್ತಶಕ್ತಿ ಕಡಿಮೆ ಇರುವ ಜೋಡಣೆಗೆ ಬಂದು ನಿಲ್ಲುತ್ತವೆ.

ಮುಕ್ತಶಕ್ತಿಯಲ್ಲಿ ಎರಡು ಲೆಕ್ಕ ಇವೆ. ಯಾರ ಪಕ್ಕ ಯಾರು ಇದ್ದರೆ ಶಕ್ತಿ ಕಡಿಮೆ ಅನ್ನುವುದು ಒಂದು. ಸರಪಳಿಗಳಿಗೆ ಎಷ್ಟು ಬಗೆಯಲ್ಲಿ ಬಳುಕಲು ಜಾಗ ಇದೆ ಅನ್ನುವುದು ಇನ್ನೊಂದು. ಈ ಎರಡನೆಯದಕ್ಕೇ ಎಂಟ್ರೊಪಿ ಅನ್ನುತ್ತೇವೆ. ಪಾಲಿಮರ್ ಒಳಗೆ ಎಷ್ಟೋ ಸಲ ಇದೇ ಗೆಲ್ಲುತ್ತದೆ. ಈ ಪುಟದ ಅರ್ಧದಷ್ಟು ಉತ್ತರಗಳು ಕೊನೆಗೆ ಬಂದು ಮುಟ್ಟುವುದು ಇಲ್ಲಿಗೇ.

ಟೈರ್‌ಗೂ ಇದಕ್ಕೂ ಸಂಬಂಧ ಇದೆಯಂತೆ, ಹೌದಾ?

ಹೌದು. ಟೈರ್ ಕಪ್ಪಗಿರುವುದೇ ರಬ್ಬರ್‌ಗೆ ಬೆರೆಸಿದ ಕಾರ್ಬನ್ ಬ್ಲ್ಯಾಕ್‌ನಿಂದ. ಅದು ಹತ್ತಾರು ನ್ಯಾನೋಮೀಟರ್ ಗಾತ್ರದ ಇಂಗಾಲದ ಕಣಗಳು ಬೆಸೆದುಕೊಂಡ ಪುಡಿ. ಅದಿಲ್ಲದ ಬರೀ ರಬ್ಬರ್ ರಸ್ತೆಯ ಮೇಲೆ ಬೇಗ ಸವೆದುಹೋಗುತ್ತದೆ. ಕಣಗಳು ರಬ್ಬರ್ ಒಳಗೆ ಒಂದಕ್ಕೊಂದು ತಾಗಿ ಜಾಲ ಕಟ್ಟುತ್ತವೆ. ಟೈರ್ ಉರುಳುವಾಗ ಈ ಜಾಲ ಮುರಿದು ಮತ್ತೆ ಕೂಡುತ್ತಲೇ ಇರುತ್ತದೆ. ಪ್ರತಿ ಸಲ ಮುರಿದಾಗಲೂ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆ ಬಿಸಿಯ ಬೆಲೆಯನ್ನು ನಾವು ಪೆಟ್ರೋಲ್ ಬಂಕ್‌ನಲ್ಲಿ ಕೊಡುತ್ತೇವೆ.

1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಕಾರಿನ ಟೈರ್‌ಗಳಲ್ಲಿ ಸಿಲಿಕಾ ಕಣಗಳನ್ನು ತಂದಿತು. ಸಿಲಿಕಾ ಮೇಲ್ಮೈಯನ್ನು ಸಿಲೇನ್ ಎಂಬ ರಾಸಾಯನಿಕದ ಮೂಲಕ ರಬ್ಬರ್ ಸರಪಳಿಗೆ ಕಟ್ಟಿಹಾಕಿದರೆ ಕಣಗಳು ಚೆನ್ನಾಗಿ ಹರಡುತ್ತವೆ, ಉರುಳುವಾಗಿನ ನಷ್ಟ ಇಳಿಯುತ್ತದೆ. ಕಣ ಯಾವುದು ಅನ್ನುವುದರಷ್ಟೇ, ಅದು ಒಳಗೆ ಹೇಗೆ ಜೋಡಣೆಯಾಗಿದೆ ಅನ್ನುವುದೂ ಮುಖ್ಯ. ಈ ಕ್ಷೇತ್ರ ಇರುವುದೇ ಅದಕ್ಕಾಗಿ.

ಲ್ಯಾಬ್‌ನಲ್ಲೇ ಬೆರೆಸಿ ನೋಡಬಹುದಲ್ವಾ? ಕಂಪ್ಯೂಟರ್ ಯಾಕೆ ಬೇಕು?

ಬೆರೆಸಿ ನೋಡಲೇಬೇಕು, ಅದಕ್ಕೆ ಬದಲಿ ಇಲ್ಲ. ಆದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಸಾಮಾನ್ಯವಾಗಿ ತೋರಿಸುವುದು ಎಲ್ಲ ಮುಗಿದ ಮೇಲಿನ ಚಿತ್ರವನ್ನು. ಕಣಗಳು ಅಲ್ಲಿಗೆ ಹೇಗೆ ಬಂದವು, ಯಾವ ಬಲ ಎಳೆಯಿತು ಅನ್ನುವುದು ಚಿತ್ರದಲ್ಲಿ ಇರುವುದಿಲ್ಲ. ಪ್ರಯೋಗದಲ್ಲಿ ಒಂದನ್ನು ಬದಲಾಯಿಸಿದರೆ ಜೊತೆಗೆ ಇನ್ನೆರಡು ಬದಲಾಗುತ್ತವೆ. ಸಿಮ್ಯುಲೇಶನ್‌ನಲ್ಲಿ ಕಣಗಳ ನಡುವಿನ ಆಕರ್ಷಣೆಯನ್ನು ಪೂರ್ತಿ ಶೂನ್ಯ ಮಾಡಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ಓಡಿಸಬಹುದು. ಆಗಲೂ ಗುಂಪುಗಟ್ಟಿದರೆ ಕಾರಣ ಬೇರೆಲ್ಲೋ ಇದೆ ಎಂದು ಖಚಿತವಾಗುತ್ತದೆ. ನನ್ನ ಪ್ರಕಾರ ಸಿಮ್ಯುಲೇಶನ್‌ನ ನಿಜವಾದ ಬೆಲೆ ಇದು. ಭವಿಷ್ಯ ಹೇಳುವುದಕ್ಕಿಂತ ಜಾಸ್ತಿ, ಅದು ಕಾರಣ ಬಿಡಿಸಿ ತೋರಿಸುತ್ತದೆ.

ಕಂಪ್ಯೂಟರ್ ಒಳಗೆ ನಿಜವಾಗಿ ನಡೆಯೋದು ಏನು?

ಮೂಲ ವಿಧಾನ ಮಾಲಿಕ್ಯುಲರ್ ಡೈನಮಿಕ್ಸ್, ಚಿಕ್ಕದಾಗಿ ಎಂಡಿ. ಒಂದು ಪೆಟ್ಟಿಗೆಯಲ್ಲಿ ಕಣಗಳನ್ನೂ ಸರಪಳಿಗಳನ್ನೂ ಇಡುತ್ತೇವೆ. ಪ್ರತಿಯೊಂದರ ಮೇಲೂ ಬೀಳುವ ಬಲವನ್ನು ಲೆಕ್ಕ ಹಾಕುತ್ತೇವೆ. ನ್ಯೂಟನ್ ನಿಯಮದ ಪ್ರಕಾರ ಎಲ್ಲವನ್ನೂ ಒಂದು ಚಿಕ್ಕ ಹೆಜ್ಜೆ ಮುಂದೆ ಸರಿಸುತ್ತೇವೆ. ಮತ್ತೆ ಬಲ, ಮತ್ತೆ ಹೆಜ್ಜೆ. ಹೀಗೆ ಕೋಟಿಗಟ್ಟಲೆ ಸಲ.

ಹೈದರಾಬಾದ್‌ನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ ಈ ವಿಧಾನದ ಪಿತಾಮಹರಲ್ಲಿ ಒಬ್ಬರು. ಅಮೆರಿಕದ ಆರ್ಗೋನ್ (Argonne) ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದಾಗ, 1964ರಲ್ಲಿ, ಅವರು 864 ಆರ್ಗಾನ್ ಪರಮಾಣುಗಳಿಂದ ದ್ರವದ ಚಲನೆಯನ್ನು ಲೆಕ್ಕ ಹಾಕಿ ತೋರಿಸಿದರು. ಇವತ್ತು ಲಕ್ಷಾಂತರ ಕಣಗಳನ್ನು ಓಡಿಸುವ ನಾವು ಮಾಡುವುದೂ ತಿರುಳಿನಲ್ಲಿ ಅದನ್ನೇ.

## ಸ್ವಲ್ಪ ಒಳಗೆ

ಪ್ರತಿ ಪರಮಾಣುವನ್ನೂ ಲೆಕ್ಕಕ್ಕೆ ತಗೊಂಡ್ರೆ ಆಗಲ್ವಾ?

ಅಂಕಿ ಹಾಕಿ ನೋಡೋಣ. 50 ನ್ಯಾನೋಮೀಟರ್ ಬದಿಯ ಘನಾಕಾರದ ಪಾಲಿಸ್ಟೈರೀನ್ ತುಂಡು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 1.2 ಕೋಟಿ ಪರಮಾಣುಗಳಿವೆ. ಅಷ್ಟು ಸಂಖ್ಯೆ ಈಗಿನ ದೊಡ್ಡ ಕಂಪ್ಯೂಟರ್‌ಗಳಿಗೆ ಭಾರವೇನಲ್ಲ. ತೊಂದರೆ ಇರುವುದು ಸಮಯದಲ್ಲಿ. ಪರಮಾಣು ಮಟ್ಟದಲ್ಲಿ ಒಂದು ಹೆಜ್ಜೆ 1 ಅಥವಾ 2 ಫೆಮ್ಟೊಸೆಕೆಂಡು ಮಾತ್ರ. 2 ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ ಒಂದು ಮೈಕ್ರೊಸೆಕೆಂಡು ದಾಟಲು 50 ಕೋಟಿ ಹೆಜ್ಜೆ ಬೇಕು.

ಕಣ ಎಷ್ಟು ನಿಧಾನ ಗೊತ್ತಾ? 14 ನ್ಯಾನೋಮೀಟರ್ ಅಗಲದ ಕಣ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪಾಲಿಮರ್, ಅದರ ಸ್ನಿಗ್ಧತೆ 1000 ಪಾಸ್ಕಲ್-ಸೆಕೆಂಡು ಅಂದುಕೊಳ್ಳಿ. ಸ್ಟೋಕ್ಸ್-ಐನ್‌ಸ್ಟೈನ್ ಸೂತ್ರ (ದ್ರವದಲ್ಲಿ ಕಣ ಎಷ್ಟು ಬೇಗ ಅಲೆಯುತ್ತದೆ ಎಂದು ಹೇಳುವುದು) ಹಾಕಿದರೆ ಆ ಕಣ ತನ್ನ ಅಗಲದಷ್ಟು ದೂರ ಅಲೆಯಲು ಸುಮಾರು ಮುಕ್ಕಾಲು ಸೆಕೆಂಡು ಹಿಡಿಯುತ್ತದೆ. ಮೈಕ್ರೊಸೆಕೆಂಡು ಎಲ್ಲಿ, ಮುಕ್ಕಾಲು ಸೆಕೆಂಡು ಎಲ್ಲಿ? ಆದ್ದರಿಂದ ಪರಮಾಣು ಮಟ್ಟದ ಲೆಕ್ಕವನ್ನು ಮೇಲ್ಮೈಯ ಹತ್ತಿರದ ಸಂಗತಿಗಳಿಗೆ ಮೀಸಲಿಡುತ್ತೇವೆ. ಜೋಡಣೆ ನೋಡಲು ಬೇರೆ ದಾರಿ ಹಿಡಿಯುತ್ತೇವೆ.

ಮಣಿ-ಸ್ಪ್ರಿಂಗ್ ಮಾದರಿ ಅಂದ್ರೆ ಏನು? ಅಷ್ಟು ಸರಳ ಮಾಡಿದ್ರೆ ಅದರಲ್ಲಿ ನಿಜ ಉಳಿಯುತ್ತಾ?

ಸರಪಳಿಯ ಕೆಲವು ಘಟಕಗಳನ್ನು ಸೇರಿಸಿ ಒಂದು ಮಣಿ ಮಾಡುತ್ತೇವೆ. ಮಣಿಗಳನ್ನು ಸ್ಪ್ರಿಂಗ್‌ನಿಂದ ಪೋಣಿಸುತ್ತೇವೆ. ಕುರ್ಟ್ ಕ್ರೆಮರ್ ಮತ್ತು ಗ್ಯಾರಿ ಗ್ರೆಸ್ಟ್ 1990ರಲ್ಲಿ ಪ್ರಕಟಿಸಿದ ಮಾದರಿ ಇದರಲ್ಲಿ ಬಹಳ ಪ್ರಸಿದ್ಧ. ಅದರಲ್ಲಿ ಸ್ಪ್ರಿಂಗ್ ಒಂದು ಮಿತಿ ಮೀರಿ ಹಿಗ್ಗುವುದಿಲ್ಲ. ಹಾಗಾಗಿ ಒಂದು ಸರಪಳಿ ಇನ್ನೊಂದನ್ನು ತೂರಿಕೊಂಡು ಹೋಗಲಾರದು, ಸಿಕ್ಕುಗಳು ಸಿಕ್ಕುಗಳಾಗಿಯೇ ಉಳಿಯುತ್ತವೆ.

ಇದರಲ್ಲಿ ಪಾಲಿಸ್ಟೈರೀನ್ ಇಲ್ಲ, ನೈಲಾನ್ ಇಲ್ಲ. ಬರೀ 'ಸರಪಳಿ' ಇದೆ. ಅದೇ ಅದರ ಶಕ್ತಿ. ಉದ್ದ, ಬಾಗುವ ಗುಣ, ಸಿಕ್ಕು, ಜಾಗ ಹಿಡಿಯುವುದು, ಇಷ್ಟರಿಂದಲೇ ಹುಟ್ಟುವ ಗುಣಗಳು ಎಲ್ಲ ಪಾಲಿಮರ್‌ಗಳಿಗೂ ಸಾಮಾನ್ಯ. ಅಂಥ ಪ್ರಶ್ನೆಗೆ ಈ ಮಾದರಿ ಪ್ರಾಮಾಣಿಕ ಉತ್ತರ ಕೊಡುತ್ತದೆ. 'ನನ್ನ ರಾಳಕ್ಕೆ ಎಷ್ಟು ಗ್ರಾಂ ಸಿಲಿಕಾ ಹಾಕಲಿ' ಎಂದು ಕೇಳಿದರೆ ಕೊಡುವುದಿಲ್ಲ.

ಕಣಗಳ ನಡುವೆ ಆಕರ್ಷಣೆಯೇ ಇಲ್ಲ ಅಂದ್ರೂ ಅವು ಗುಂಪುಗಟ್ಟೋದು ಯಾಕೆ?

ಕಣದ ಮೇಲ್ಮೈಗೆ ತೀರಾ ಹತ್ತಿರ ಬಂದ ಸರಪಳಿ ಬೇಕಾದ ಹಾಗೆ ಬಳುಕಲು ಆಗುವುದಿಲ್ಲ, ಗೋಡೆ ಅಡ್ಡ ಬರುತ್ತದೆ. ಆದ್ದರಿಂದ ಪ್ರತಿ ಕಣದ ಸುತ್ತ ಸರಪಳಿಗೆ ಇಷ್ಟವಿಲ್ಲದ ಒಂದು ಪದರ ಇರುತ್ತದೆ. ಎರಡು ಕಣ ತಾಗಿ ನಿಂತರೆ ಎರಡರ ಪದರಗಳೂ ಒಂದರ ಮೇಲೊಂದು ಬೀಳುತ್ತವೆ, ಅಷ್ಟು ಜಾಗ ಸರಪಳಿಗಳಿಗೆ ಉಳಿಯುತ್ತದೆ. ಸರಪಳಿಗಳು ತಮ್ಮ ಬಳುಕಾಟಕ್ಕೆ ಜಾಗ ಮಾಡಿಕೊಳ್ಳಲು ಕಣಗಳನ್ನು ಒಟ್ಟಿಗೆ ತಳ್ಳುತ್ತವೆ. ದ್ರಾವಣಗಳಲ್ಲಿ ಈ ವಿಚಾರವನ್ನು ಜಪಾನಿನ ಅಸಾಕುರ ಮತ್ತು ಊಸಾವಾ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಈಗ ಕಣಕ್ಕೂ ಸರಪಳಿಗೂ ಸ್ವಲ್ಪ ಆಕರ್ಷಣೆ ಕೊಡಿ. ಸರಪಳಿಗಳು ಕಣಕ್ಕೆ ಅಂಟಿ ಒಂದು ಹೊದಿಕೆ ಕಟ್ಟುತ್ತವೆ, ಕಣಗಳು ಬೇರೆ ಬೇರೆ ನಿಲ್ಲುತ್ತವೆ. ಇನ್ನೂ ಜಾಸ್ತಿ ಮಾಡಿ. ಒಂದೇ ಸರಪಳಿ ಎರಡು ಕಣಗಳಿಗೂ ಅಂಟಿ ಸೇತುವೆಯಾಗುತ್ತದೆ, ಮತ್ತೆ ಗುಂಪು! ಆಕರ್ಷಣೆ ಕಡಿಮೆಯಾದರೂ ಗುಂಪು, ಅತಿಯಾದರೂ ಗುಂಪು. ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಚೆನ್ನಾಗಿ ಹರಡಿಕೊಳ್ಳುತ್ತವೆ. ಹೂಪರ್ ಮತ್ತು ಶ್ವೈಟ್ಜರ್ ಅವರ ಸಿದ್ಧಾಂತ ಈ ಮೂರು ಹಂತಗಳನ್ನು ಸ್ಪಷ್ಟವಾಗಿ ಬಿಡಿಸಿ ಇಟ್ಟಿತು.

ಗುಂಡಗಿನ ಕಣಗಳು ಹಾಳೆ ಆಗ್ತವೆ, ದಾರ ಆಗ್ತವೆ ಅಂತ ಓದಿದೆ. ಉಂಡೆಗೆ ದಿಕ್ಕೇ ಇಲ್ಲ, ಅದು ಹೇಗೆ ಸಾಧ್ಯ?

ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಕೊಲಂಬಿಯಾ ವಿಶ್ವವಿದ್ಯಾಲಯದ ಸನತ್ ಕುಮಾರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 14 ನ್ಯಾನೋಮೀಟರ್ ಅಗಲದ ಸಿಲಿಕಾ ಕಣಗಳು. ಅವುಗಳ ಮೇಲೆ ಪಾಲಿಸ್ಟೈರೀನ್ ಸರಪಳಿಗಳನ್ನು ಕಸಿ ಮಾಡಿದ್ದರು. ಅಂದರೆ ಸರಪಳಿಯ ಒಂದು ತುದಿ ಕಣಕ್ಕೆ ಗಟ್ಟಿಯಾಗಿ ಬೆಸೆದಿದೆ, ಇನ್ನೊಂದು ತುದಿ ಬಿಡುಬೀಸು. ಈ ಕಣಗಳನ್ನು ಮಾಮೂಲಿ ಪಾಲಿಸ್ಟೈರೀನ್‌ನಲ್ಲಿ ಬೆರೆಸಿ ಬಿಸಿಯಲ್ಲಿ ಇಟ್ಟರು. ಕಸಿಯ ದಟ್ಟಣೆ ಮತ್ತು ಸರಪಳಿಗಳ ಉದ್ದ ಬದಲಾಯಿಸಿದಂತೆ ಒಂದು ಕಡೆ ದೊಡ್ಡ ಗುಂಪು, ಒಂದು ಕಡೆ ಹಾಳೆ, ಒಂದು ಕಡೆ ದಾರ, ಇನ್ನೊಂದು ಕಡೆ ಬಿಡಿಬಿಡಿ ಕಣಗಳು ಕಂಡವು.

ಕಾರಣ ಹೀಗಿದೆ. ಸಿಲಿಕಾಗೆ ಪಾಲಿಸ್ಟೈರೀನ್ ಅಂದರೆ ಅಷ್ಟಕ್ಕಷ್ಟೆ, ಅದು ತನ್ನಂಥ ಕಣವನ್ನೇ ತಾಗಿ ನಿಲ್ಲಲು ನೋಡುತ್ತದೆ. ಕಸಿಯ ಸರಪಳಿಗೆ ಸುತ್ತಲಿನ ಪಾಲಿಸ್ಟೈರೀನ್ ಒಗ್ಗುತ್ತದೆ. ಒಂದೇ ಕಣದಲ್ಲಿ ಎರಡು ಗುಣ, ಬೇರೆ ಬೇರೆಯಾಗೋಣ ಅಂದರೆ ಬೆಸುಗೆ ಬಿಡುವುದಿಲ್ಲ. ಸಾಬೂನಿನ ಅಣುವಿನ ಸ್ಥಿತಿಯೂ ಇದೇ. ಅದಕ್ಕೇ ಸಾಬೂನಿನ ಅಣುಗಳಂತೆ ಇವೂ ಹಾಳೆ, ಎಳೆ ಕಟ್ಟುತ್ತವೆ.

ದಿಕ್ಕು ಎಲ್ಲಿಂದ ಬಂತು ಅನ್ನುವುದನ್ನು ಸಿಮ್ಯುಲೇಶನ್ ಚೆನ್ನಾಗಿ ತೋರಿಸುತ್ತದೆ. 14 ನ್ಯಾನೋಮೀಟರ್ ಕಣದ ಮೇಲ್ಮೈ ಸುಮಾರು 616 ಚದರ ನ್ಯಾನೋಮೀಟರ್. 100 ಚದರ ನ್ಯಾನೋಮೀಟರ್‌ಗೆ ಒಂದು ಸರಪಳಿ ಅಂದರೆ ಕಣಕ್ಕೆ ಆರು ಸರಪಳಿ ಅಷ್ಟೆ. ನಡುವೆ ಬೋಳು ಜಾಗ ಬೇಕಾದಷ್ಟು. ಎರಡು ಕಣ ಬೋಳು ಜಾಗದಲ್ಲಿ ಅಂಟಿದಾಗ ಅಲ್ಲಿದ್ದ ಸರಪಳಿಗಳು ಪಕ್ಕಕ್ಕೆ ಒತ್ತರಿಸಿಕೊಳ್ಳುತ್ತವೆ. ಮೂರನೆಯ ಕಣ ಬಂದರೆ ಆ ಇಕ್ಕಟ್ಟಿನ ಪಕ್ಕಕ್ಕೆ ಬರುವುದಕ್ಕಿಂತ ಎದುರು ತುದಿಗೆ ಬರುವುದು ಸುಲಭ. ದಾರ ಶುರುವಾಯಿತು! ಸರಪಳಿಗಳು ಇನ್ನೂ ಕಡಿಮೆಯಾದರೆ ಪಕ್ಕದಲ್ಲೂ ಜಾಗ ಇರುತ್ತದೆ, ಹಾಳೆ ಹುಟ್ಟುತ್ತದೆ. ದಿಕ್ಕು ಕಣದಲ್ಲಿ ಮೊದಲೇ ಇರಲಿಲ್ಲ. ಕಣಗಳು ಒಂದುಗೂಡುವಾಗ ಹುಟ್ಟಿತು.

ಕಸಿ ಮಾಡಿದ್ದೂ ಪಾಲಿಸ್ಟೈರೀನ್, ಸುತ್ತ ಇರೋದೂ ಪಾಲಿಸ್ಟೈರೀನ್. ಕಸಿ ದಟ್ಟವಾಗಿ ಮಾಡಿದ್ರೆ ಯಾವಾಗಲೂ ಬೆರೆಯಬೇಕಲ್ವಾ?

ಬೆರೆಯಬೇಕು ಅನ್ನಿಸುತ್ತದೆ, ಆದರೆ ಯಾವಾಗಲೂ ಅಲ್ಲ. ಸುತ್ತಲಿನ ಸರಪಳಿ ಕಸಿಯ ಸರಪಳಿಗಿಂತ ಬಹಳ ಉದ್ದವಾಗಿದ್ದರೆ, ಆ ದಟ್ಟಣೆಯೊಳಗೆ ನುಗ್ಗಿ ಅದಕ್ಕೆ ಸಿಗುವ ಲಾಭ ಕಡಿಮೆ, ಕಳೆದುಕೊಳ್ಳುವ ಬಳುಕಾಟ ಜಾಸ್ತಿ. ಹಾಗಾಗಿ ಹೊರಗೇ ಉಳಿಯುತ್ತದೆ. ಆಗ ಕಣಗಳ ಕಸಿಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಸುತ್ತಲಿನ ಸರಪಳಿ ಗಿಡ್ಡವಾಗಿದ್ದರೆ ಒಳಗೆ ಇಳಿದು ಕಸಿಯನ್ನು ನೆನೆಸುತ್ತದೆ, ಕಣಗಳು ಹರಡುತ್ತವೆ.

ಬ್ಲಾಕ್ ಕೋಪಾಲಿಮರ್ ಬಳಸಿದ್ರೆ ಕಣಗಳನ್ನ ಬೇಕಾದ ಕಡೆ ಕೂರಿಸಬಹುದಾ?

ಬಹಳ ಮಟ್ಟಿಗೆ ಹೌದು. ಒಗ್ಗದ ಎರಡು ಪಾಲಿಮರ್‌ಗಳನ್ನು ತುದಿಗೆ ತುದಿ ಬೆಸೆದರೆ ಅವು ನ್ಯಾನೋ ಅಳತೆಯ ಪದರ, ಕೊಳವೆ, ಗೋಳಗಳಾಗಿ ತಾವೇ ವಿಂಗಡಣೆಯಾಗುತ್ತವೆ. ಕಣಗಳಿಗೆ ಇದು ಸಿದ್ಧ ಅಚ್ಚು. ಥಾಂಪ್ಸನ್, ಗಿಂಜ್ಬರ್ಗ್, ಮ್ಯಾಟ್ಸನ್ ಮತ್ತು ಬಲಾಜ್ಸ್ 2001ರಲ್ಲಿ ಲೆಕ್ಕದಿಂದ ಹೇಳಿದ ಒಂದು ಮಾತು ಮುಖ್ಯವಾದದ್ದು. ಒಂದೇ ಬಗೆಯ ಪದರ ಇಷ್ಟಪಡುವ ಕಣಗಳಾದರೂ, ದೊಡ್ಡವು ಪದರದ ನಡುವೆ ಸೇರುತ್ತವೆ, ಚಿಕ್ಕವು ಪದರಗಳ ಗಡಿಯ ಕಡೆಗೆ ಹರಡುತ್ತವೆ. ದೊಡ್ಡ ಕಣವನ್ನು ಸುತ್ತಿ ಹೋಗಲು ಸರಪಳಿ ತುಂಬಾ ಹಿಗ್ಗಬೇಕು. ನಡುವೆ ಸರಪಳಿಗಳ ತುದಿಗಳಿರುತ್ತವೆ, ಅಲ್ಲಿ ಜಾಗ ಬಿಡುವುದು ಸುಲಭ. 2003ರ ಪ್ರಯೋಗವೊಂದರಲ್ಲಿ 3.5 ನ್ಯಾನೋಮೀಟರ್ ಚಿನ್ನದ ಕಣಗಳು ಗಡಿಯಲ್ಲಿ, 21.5 ನ್ಯಾನೋಮೀಟರ್ ಸಿಲಿಕಾ ಕಣಗಳು ಪದರದ ನಡುವೆ ಕಂಡವು. ಲೆಕ್ಕವೂ ಪ್ರಯೋಗವೂ ಹೀಗೆ ಕೈಕುಲುಕಿದಾಗ ಆಗುವ ಖುಷಿ ದೊಡ್ಡದು.

## ಸಿಮ್ಯುಲೇಶನ್ ಓಡಿಸುವವರಿಗೆ

ಎಂಡಿ, ಡಿಪಿಡಿ, ಎಸ್‌ಸಿಎಫ್‌ಟಿ ಅಂತೆಲ್ಲ ಇವೆ. ಯಾವಾಗ ಯಾವುದು?

ಚಲನೆ, ಸಿಕ್ಕು, ಮೇಲ್ಮೈ ಹತ್ತಿರದ ವಿವರ ಬೇಕಿದ್ದರೆ ಮಣಿ-ಸ್ಪ್ರಿಂಗ್ ಎಂಡಿ. ದೊಡ್ಡ ಪೆಟ್ಟಿಗೆಯಲ್ಲಿ ಬೇಗ ರಚನೆ ನೋಡಬೇಕಿದ್ದರೆ ಡಿಪಿಡಿ (ಡಿಸಿಪೇಟಿವ್ ಪಾರ್ಟಿಕಲ್ ಡೈನಮಿಕ್ಸ್). ಇದನ್ನು 1992ರಲ್ಲಿ ಹೂಗರ್‌ಬ್ರುಗ್ಗೆ ಮತ್ತು ಕೂಲ್ಮನ್ ಶುರು ಮಾಡಿದರು. ಇದರ ಮಣಿಗಳು ಮೆತ್ತಗೆ, ಹೆಜ್ಜೆ ದೊಡ್ಡದು. ಆದರೆ ಸರಪಳಿಗಳು ಒಂದನ್ನೊಂದು ತೂರಿಹೋಗುತ್ತವೆ. ಆದ್ದರಿಂದ ಉದ್ದ ಸರಪಳಿಗಳ ಹರಿವಿನ ಬಗ್ಗೆ ಡಿಪಿಡಿಯ ಮಾತನ್ನು ನಂಬಬೇಡಿ. ಎಸ್‌ಸಿಎಫ್‌ಟಿ (ಸೆಲ್ಫ್-ಕನ್ಸಿಸ್ಟೆಂಟ್ ಫೀಲ್ಡ್ ಥಿಯರಿ) ಕಣಕಣವನ್ನು ಓಡಿಸುವುದಿಲ್ಲ, ಸರಾಸರಿ ಕ್ಷೇತ್ರದಲ್ಲಿ ಒಂದು ಸರಪಳಿಯ ಲೆಕ್ಕ ಬಿಡಿಸುತ್ತದೆ. ಬ್ಲಾಕ್ ಕೋಪಾಲಿಮರ್‌ಗೆ ಅದು ಅದ್ಭುತ. ಏರಿಳಿತಗಳು ಮುಖ್ಯವಾದ ಕಡೆ ಸೋಲುತ್ತದೆ.

ನನ್ನ ಸಿಮ್ಯುಲೇಶನ್‌ನಲ್ಲಿ ಚೆಂದದ ದಾರ ಬಂತು. ಇದು ನಿಜವಾದ ಸಮಸ್ಥಿತಿನಾ, ಇಲ್ಲಾ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾ?

ಸಮಸ್ಥಿತಿ ಅಂದರೆ ಮುಕ್ತಶಕ್ತಿ ಅತಿ ಕಡಿಮೆ ಇರುವ, ತಾನಾಗಿ ಇನ್ನು ಬದಲಾಗದ ಸ್ಥಿತಿ. ಇದನ್ನು ಕೇಳದೆ ಯಾವ ಚಿತ್ರವನ್ನೂ ಪ್ರಕಟಿಸಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ಚೆಂದದ ಚಿತ್ರ ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಮೊದಲು, ಎರಡು ಕಡೆಯಿಂದ ಹೊರಡಿ. ಕಣಗಳನ್ನು ಚೆನ್ನಾಗಿ ಹರಡಿಟ್ಟು ಒಂದು ಸಲ, ಒಟ್ಟಿಗೆ ಗುಡ್ಡೆ ಹಾಕಿ ಒಂದು ಸಲ. ಎರಡೂ ಒಂದೇ ರಚನೆಗೆ ಬಂದರೆ ಧೈರ್ಯ ಬರುತ್ತದೆ. ಬರದಿದ್ದರೆ ನೀವು ನೋಡುತ್ತಿರುವುದು ನಿಮ್ಮದೇ ಆರಂಭದ ಆಯ್ಕೆಯನ್ನು.

ಆಮೇಲೆ ಕಣಗಳು ಎಷ್ಟು ಅಲೆದಿವೆ ನೋಡಿ. ತಮ್ಮ ಅಗಲಕ್ಕಿಂತ ಹಲವು ಪಟ್ಟು ದೂರ ಹೋಗಿರದಿದ್ದರೆ ಅವು ಜಾಗ ಆಯ್ಕೆ ಮಾಡಿಯೇ ಇಲ್ಲ. ಸರಪಳಿಗಳೂ ತಮ್ಮ ಆರಂಭದ ದಿಕ್ಕನ್ನು ಮರೆತಿರಬೇಕು. ಇದಕ್ಕೆ ಬೇಕಾದ ಸಮಯ ಗಿಡ್ಡ ಸರಪಳಿಯಲ್ಲಿ ಉದ್ದದ ವರ್ಗದಂತೆ ಏರುತ್ತದೆ, ಸಿಕ್ಕುಬಿದ್ದ ಸರಪಳಿಯಲ್ಲಿ ಸುಮಾರು 3.4ನೇ ಘಾತದಂತೆ. ಉದ್ದ ಎರಡು ಪಟ್ಟಾದರೆ ಕಾಯುವ ಸಮಯ ಹತ್ತು ಪಟ್ಟಿಗಿಂತ ಜಾಸ್ತಿ. ಆಕರ್ಷಣೆ ತುಂಬಾ ಬಲವಾಗಿದ್ದರೆ ಅಂಟಿದ ಕಣ ಬಿಡುವುದೇ ಇಲ್ಲ. ಆಗ ಅಂಬ್ರೆಲಾ ಸ್ಯಾಂಪ್ಲಿಂಗ್‌ನಂಥ ವಿಧಾನದಿಂದ, ಅಂದರೆ ಕಣಗಳನ್ನು ಬೇರೆ ಬೇರೆ ದೂರದಲ್ಲಿ ಹಿಡಿದಿಟ್ಟು, ಎರಡು ಕಣಗಳ ನಡುವಿನ ಮುಕ್ತಶಕ್ತಿಯನ್ನು ನೇರವಾಗಿ ಅಳೆಯುವುದು ಒಳ್ಳೆಯದು.

ಇನ್ನೊಂದು ಮಾತು ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಪ್ರಯೋಗದ ಮಾದರಿಯೂ ಸಮಸ್ಥಿತಿಯಲ್ಲಿ ಇರಬೇಕೆಂದಿಲ್ಲ. ಕಣ ಮತ್ತು ಪಾಲಿಮರ್ ಎರಡನ್ನೂ ದ್ರಾವಕದಲ್ಲಿ ಕರಗಿಸಿ ಸುರಿದು ಒಣಗಿಸುತ್ತಾರೆ. ದ್ರಾವಕ ಆರಿದಂತೆ ಎಲ್ಲವೂ ಗಟ್ಟಿಯಾಗಿ ಅಲ್ಲಲ್ಲೇ ನಿಂತುಬಿಡುತ್ತದೆ. ನಿಮ್ಮ ಸಿಮ್ಯುಲೇಶನ್ ಸಮಸ್ಥಿತಿಗೆ ಬಂದು, ಪ್ರಯೋಗ ಬರದಿದ್ದರೆ, ಎರಡೂ ಹೊಂದದೇ ಇರುವುದು ಸಹಜ. ಯಾರದ್ದೂ ತಪ್ಪಲ್ಲ. ಮಾದರಿಯನ್ನು ಹೇಗೆ ತಯಾರಿಸಿದರು, ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟರು ಎಂದು ಮೊದಲೇ ಕೇಳಿ.

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು?

14 ನ್ಯಾನೋಮೀಟರ್ ಅಗಲದ 100 ಕಣಗಳು, ಗಾತ್ರದ ಲೆಕ್ಕದಲ್ಲಿ ಶೇ 5. ಪೆಟ್ಟಿಗೆಯ ಬದಿ ಸುಮಾರು 142 ನ್ಯಾನೋಮೀಟರ್ ಆಗುತ್ತದೆ. ಮಣಿಯ ಅಗಲ 1 ನ್ಯಾನೋಮೀಟರ್ ಎಂದು ಹಿಡಿದರೆ, ಕ್ರೆಮರ್-ಗ್ರೆಸ್ಟ್ ಮಾದರಿಯ 0.85 ಸಾಂದ್ರತೆಯಲ್ಲಿ (ಮಣಿಯ ಅಗಲದಷ್ಟೇ ಬದಿಯ ಘನವೊಂದಕ್ಕೆ 0.85 ಮಣಿ) ಸುಮಾರು 23 ಲಕ್ಷ ಮಣಿಗಳು. ಪೆಟ್ಟಿಗೆಯ ಒಂದು ಬದಿಯಿಂದ ಹೊರಹೋದದ್ದು ಎದುರು ಬದಿಯಿಂದ ಒಳಬರುವಂತೆ ಮಾಡಿರುತ್ತೇವೆ ಅಲ್ವಾ? ಚಿಕ್ಕ ಪೆಟ್ಟಿಗೆಯಲ್ಲಿ ದಾರವೊಂದು ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟುತ್ತದೆ. ಅದು ಕೊನೆಯಿಲ್ಲದ ದಾರದಂತೆ ಕಾಣುತ್ತದೆ, ಸುಳ್ಳು ಸ್ಥಿರತೆ ಪಡೆಯುತ್ತದೆ. ಎರಡು ಗಾತ್ರದ ಪೆಟ್ಟಿಗೆಗಳಲ್ಲಿ ಓಡಿಸಿ ಹೋಲಿಸಿ.

ಸಿಮ್ಯುಲೇಶನ್ ಸಮಯವನ್ನ ಸೆಕೆಂಡಿಗೆ ಹೇಗೆ ಬದಲಾಯಿಸೋದು?

ಹರಡಿಕೆಯ ವೇಗವನ್ನು ಪ್ರಯೋಗದ ಜೊತೆ ಹೊಂದಿಸಿ ಒಂದು ಗುಣಕ ತೆಗೆಯುತ್ತಾರೆ. ಮಣಿಗಳಾಗಿಸಿದಾಗ ಒರಟುತನ ಕಳೆದುಹೋಗಿ ಚಲನೆ ವೇಗವಾಗುತ್ತದೆ, ಅದನ್ನು ಈ ಗುಣಕ ಸರಿದೂಗಿಸುತ್ತದೆ. ಆದರೆ ಅದು ತಾಪಮಾನದ ಜೊತೆ ಬದಲಾಗುತ್ತದೆ. ಒಂದು ತಾಪಮಾನದ ಗುಣಕವನ್ನು ಇನ್ನೊಂದಕ್ಕೆ ಹಾಕಬೇಡಿ. ಹಾಗೆಯೇ, ಸಿಕ್ಕುಗಳ ಜಾಲದ ಕಂಡಿಗಿಂತ ಚಿಕ್ಕದಾದ ಕಣ ಸ್ಟೋಕ್ಸ್-ಐನ್‌ಸ್ಟೈನ್ ಸೂತ್ರ ಹೇಳುವುದಕ್ಕಿಂತ ಬೇಗ ಚಲಿಸುತ್ತದೆ.

ಪ್ರಯೋಗದ ಜೊತೆ ಹೋಲಿಸೋದು ಹೇಗೆ? ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಕಾ?

ಸಾಲದು. ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಚಿತ್ರದಲ್ಲಿ ತೆಳು ಹೋಳಿನ ಆಳವೆಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ನೇರ ನಿಂತ ಹಾಳೆ ಅಲ್ಲಿ ದಾರದಂತೆ ಕಾಣಬಹುದು. ನಿಮ್ಮ ಪೆಟ್ಟಿಗೆಯನ್ನೂ ಅಷ್ಟೇ ದಪ್ಪದ ಹೋಳು ಮಾಡಿ, ಅದರ ನೆರಳು ತೆಗೆದು ಹೋಲಿಸಿ. ಇನ್ನೂ ಒಳ್ಳೆಯದು ಎಕ್ಸ್-ಕಿರಣದ ಚಿಕ್ಕ ಕೋನದ ಚದುರಿಕೆ. ಅದು ಒಂದು ಮೂಲೆಯನ್ನಲ್ಲ, ಇಡೀ ಮಾದರಿಯ ಸರಾಸರಿಯನ್ನು ಕೊಡುತ್ತದೆ. ಕಣಗಳ ಸ್ಥಾನಗಳಿಂದ ಆ ಚದುರಿಕೆಯ ವಕ್ರರೇಖೆಯನ್ನು ನೀವೂ ಲೆಕ್ಕ ಹಾಕಬಹುದು.

ಯಾವ ಸಾಫ್ಟ್‌ವೇರ್ ಕಲೀಲಿ? ಲ್ಯಾಪ್‌ಟಾಪ್ ಸಾಕಾ?

ಲ್ಯಾಂಪ್ಸ್‌ನಿಂದ (LAMMPS) ಶುರು ಮಾಡಿ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಬೆಳೆದದ್ದು, ಉಚಿತ, ಮೂಲ ಕೋಡ್ ತೆರೆದಿದೆ. ಜಿಪಿಯು ಇದ್ದರೆ ಮಿಶಿಗನ್ ವಿಶ್ವವಿದ್ಯಾಲಯದ ಹೂಮ್ಡ್-ಬ್ಲೂ (HOOMD-blue) ಕೂಡ ಚೆನ್ನಾಗಿದೆ. ರಚನೆ ನೋಡಲು ಓವಿಟೊ (OVITO). ಕೆಲವು ಸಾವಿರ ಮಣಿಗಳ ಪೆಟ್ಟಿಗೆಗೆ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಎರಡು ಕಣಗಳ ನಡುವಿನ ಬಲ ಅಳೆಯುವ ಕೆಲಸವನ್ನು ಅದರಲ್ಲೇ ಕಲಿಯಬಹುದು. ಮೇಲೆ ಹೇಳಿದ 23 ಲಕ್ಷ ಮಣಿಗಳ ಪೆಟ್ಟಿಗೆಗೆ ದೊಡ್ಡ ಯಂತ್ರ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ 3.3 ಪೆಟಾಫ್ಲಾಪ್ಸ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಅಂಥದ್ದು.

ಎಐ ಬಂದಿದೆ. ಇನ್ನೂ ಈ ಸಿಮ್ಯುಲೇಶನ್ ಎಲ್ಲ ಬೇಕಾ?

ಎಐ ಎರಡು ಕಡೆ ನಿಜವಾಗಿ ನೆರವಾಗುತ್ತದೆ. ಪರಮಾಣು ಮಟ್ಟದ ಲೆಕ್ಕದಿಂದ ಮಣಿಗಳ ನಡುವಿನ ಬಲವನ್ನು ಕಲಿಯುವುದು ಒಂದು. ಕಸಿ ದಟ್ಟಣೆ, ಸರಪಳಿ ಉದ್ದ, ಕಣದ ಗಾತ್ರ, ಆಕರ್ಷಣೆ, ಇಷ್ಟೆಲ್ಲ ಬದಲಾಯಿಸುವಾಗ ಮುಂದೆ ಯಾವುದನ್ನು ಓಡಿಸಬೇಕು ಎಂದು ಆರಿಸುವುದು ಇನ್ನೊಂದು. ಆದರೆ ಅದು ಕಲಿಯುವುದು ಸಿಮ್ಯುಲೇಶನ್ ಕೊಟ್ಟ ಉದಾಹರಣೆಗಳಿಂದಲೇ. ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ರಚನೆಗಳನ್ನು ಸಮಸ್ಥಿತಿ ಎಂದು ಹೆಸರಿಟ್ಟು ಕೊಟ್ಟರೆ ಅದು ಅವನ್ನೇ ನಂಬಿ ಕಲಿಯುತ್ತದೆ. ಎರಡು ಆರಂಭಗಳಿಂದಲೂ ಒಂದೇ ಕಡೆ ಬಂದ ಓಟಗಳನ್ನು ಮಾತ್ರ ಅದಕ್ಕೆ ಕೊಡಿ. ಹೊಂದದೇ ಇದ್ದವನ್ನು ಬೇರೆ ಗುರುತು ಹಾಕಿ ಜೊತೆಗಿಡಿ. ಮುಂದೆ ಉದ್ದ ಓಟಕ್ಕೆ ಯಂತ್ರ ಸಿಕ್ಕಾಗ ಮೊದಲು ಓಡಿಸಬೇಕಾದವು ಅವೇ.